ತೊಂಬತ್ತು ಫ್ರೇಮು, ಎಪ್ಪತ್ತೈದು ಡಿಗ್ರಿ

ಏಪ್ರಿಲ್ 2, ಬೆಳಗ್ಗೆ

ಮತ್ತೆ ಎಂಬತ್ಮೂರು ಡಿಗ್ರಿ. ಎಷ್ಟು ಸಲ ಶುರು ಮಾಡಿದರೂ ಸ್ವಲ್ಪ ಹೊತ್ತಿಗೆ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಅಲ್ಲಿಗೆ ಮುಟ್ಟಿದೊಡನೆ ಕಂಪ್ಯೂಟರಿನೊಳಗೆ ಚಿತ್ರ ಬಿಡಿಸುವ ಕಾರ್ಡು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಸುಟ್ಟುಹೋಗಬಾರದೆಂದು ಅದಕ್ಕೆ ಕಲಿಸಿಟ್ಟ ಬುದ್ಧಿ. ವೇಗ ಇಳಿದರೆ ಕನ್ನಡಕದೊಳಗಿನ ಚಿತ್ರ ತಡವರಿಸುತ್ತದೆ. ಚಿತ್ರ ತಡವರಿಸಿದರೆ ನನ್ನವಳಿಗೆ ವಾಂತಿ.

ಇವತ್ತೂ ಬಕೆಟ್ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ. ಇವತ್ತೂ ಬಕೆಟ್ ಬೇಕಾಯಿತು.

ಜನವರಿಯಲ್ಲಿ ಬಂದ ಜ್ವರ ಹೋಯಿತು. ಹೋಗುವಾಗ ಇವಳ ಬಲಗಿವಿಯೊಳಗಿನ ನರವನ್ನು ಕೆಡಿಸಿಟ್ಟು ಹೋಯಿತು. ಕೇಳುವುದಕ್ಕೇನೂ ತೊಂದರೆಯಿಲ್ಲ. ನಾನು ಗೊಣಗಿದ್ದೆಲ್ಲ ಕೇಳಿಸುತ್ತದೆ. ಕೆಟ್ಟದ್ದು ಸಮತೋಲನ. ಕತ್ತು ತಿರುಗಿಸಿದರೆ ಗೋಡೆಗಳೂ ಜೊತೆಗೆ ತಿರುಗುತ್ತವೆ. ಬಸ್ಸು ಹತ್ತುವಂತಿಲ್ಲ. ಅದಕ್ಕೇ ಆಸ್ಪತ್ರೆಯ ವ್ಯಾಯಾಮದ ಮೇಡಂ ಆ ದಪ್ಪ ಕನ್ನಡಕವನ್ನೇ ಮನೆಗೆ ಕೊಟ್ಟು ಕಳಿಸಿದರು. ಹಾಕಿಕೊಂಡರೆ ಒಂದು ದೊಡ್ಡ ಅಂಗಡಿಯ ಒಳಗೆ ನಿಂತಂತೆ. ಎಡಕ್ಕೆ ನೋಡು, ಬಲಕ್ಕೆ ನೋಡು, ಸಾಲುಗಳ ನಡುವೆ ನಡಿ. ಹಾಗೆ ಮಾಡುತ್ತ ಮಾಡುತ್ತ ಮಿದುಳು ಹೊಸದಾಗಿ ನಿಲ್ಲುವುದನ್ನು ಕಲಿಯುತ್ತದಂತೆ.

ಆದರೆ ಒಂದು ಷರತ್ತು. ಮೇಡಂ ಅಂದಿದ್ದು: "ಸೆಕೆಂಡಿಗೆ ತೊಂಬತ್ತು ಫ್ರೇಮ್, ಅಂದ್ರೆ ತೊಂಬತ್ತು ಚಿತ್ರ, ಬರ್ಲೇಬೇಕು ಸಾರ್. ಕಮ್ಮಿ ಆದ್ರೆ ತಲೆ ಮುಂದೆ, ಚಿತ್ರ ಹಿಂದೆ. ಆಮೇಲೆ ವಾಸಿ ಆಗೋದಿರ್ಲಿ, ಇರೋದೂ ಕೆಡತ್ತೆ."

ನಮ್ಮಲ್ಲಿ ಬರುತ್ತಿರುವುದು ಎಪ್ಪತ್ತಾರು. ಕನ್ನಡಕ ಜೋಡಿಸಿರುವ ಕಂಪ್ಯೂಟರ್ ಮಗಳದು. ನರ್ಸಿಂಗ್ ಹಾಸ್ಟೆಲಿಗೆ ಹೋಗುವಾಗ ಬಿಟ್ಟುಹೋದ ಆಟದ ಯಂತ್ರ. ಕಾರ್ಡು ಹಳೆಯದು. ಹೊಸದು ಕೊಳ್ಳುವ ಮಾತು ಸದ್ಯಕ್ಕಿಲ್ಲ.

ಬಕೆಟ್ ತೊಳೆದು ಬಂದಾಗ ಇವಳು ಗೋಡೆ ಹಿಡಿದು ಕೂತಿದ್ದಳು. "ಜೂನ್‌ಗೆ ಸ್ಕೂಲ್ ಶುರು ಆಗತ್ತೆ ರೀ," ಅಂದಳು. ಇವಳು ಅಲ್ಲಿ ಟೀಚರು.

ಏಪ್ರಿಲ್ 5, ಸಂಜೆ

ಮಗಳಿಗೆ ಫೋನ್. ಕಾರ್ಡಿನ ವೇಗ ಹೆಚ್ಚಿಸಬಹುದಂತಲ್ಲ, ಓವರ್‌ಕ್ಲಾಕ್ ಅಂತ ಏನೋ… ಎಂದು ಬಾಯಿ ಬಿಟ್ಟೆ ಅಷ್ಟೇ.

"ಅಪ್ಪಾ! ನಿನಗ್ಯಾರು ಹೇಳಿದ್ದು ಅದನ್ನ?"

"ಓದಿದೆ."

"ಏನು ಓದಿದೆ?"

"ಓದಿದೆ ಅಂದ್ನಲ್ಲ."

ಆ ಕಡೆ ಉದ್ದನೆಯ ಉಸಿರು. ಆಮೇಲೆ ಪಾಠ ಶುರು. ಮೊದಲು ವೇಗದ ಆಸೆ ಬಿಡು, ಮೊದಲು ಬಿಸಿ ಇಳಿಸು. ಕಂಪ್ಯೂಟರಿನ ಡಬ್ಬ ತೆಗೆದು ಧೂಳು ಹೊಡಿ. ಆಮೇಲೆ ಕಾರ್ಡಿನ ಪೇಸ್ಟ್ ಬದಲಾಯಿಸು. ಆಮೇಲೆ ಫ್ಯಾನ್. ಕೊನೆಗೆ ವೇಗ—ಅದೂ ಇಷ್ಟಿಷ್ಟೇ. ಪರದೆಯ ಮೇಲೆ ವೋಲ್ಟೇಜ್ ಅಂತ ಎಳೆಯುವ ಕಡ್ಡಿ ಇರುತ್ತದೆ, ಅದರ ಹತ್ತಿರ ಕೈ ಹೋಗಕೂಡದು.

"ಕಾರ್ಡ್ ಸುಟ್ಟೆ ಅಂದ್ರೆ ರಜಕ್ಕೆ ಮನೇಗೇ ಬರಲ್ಲ, ನೋಡ್ಕೋ."

ಆಮೇಲೆ ದನಿ ಇಳಿಸಿ: "ಅಮ್ಮ ಹೇಗಿದಾಳೆ? ನಿಜ ಹೇಳು."

ಹೇಳಿದೆ.

"ಹಾಗಾದ್ರೆ ಸುಟ್ರೂ ಪರವಾಗಿಲ್ಲ," ಅಂದಳು. "ಆದ್ರೆ ಸುಡಬೇಡ."

ಏಪ್ರಿಲ್ 6, ಭಾನುವಾರ

ಡಬ್ಬದ ಪಕ್ಕದ ಬಾಗಿಲು ಬಿಚ್ಚಿದೆ. ಅಬ್ಬಾ! ಕಾರ್ಡು ಕಂಬಳಿ ಹೊದ್ದು ಮಲಗಿತ್ತು. ಬೂದು ಬಣ್ಣದ ಧೂಳು, ಪದರಪದರ. ನಾನು ಕೆಲಸ ಮಾಡುವ ಲಾಂಡ್ರಿಯಲ್ಲಿ ಬಟ್ಟೆ ಒಣಗಿಸುವ ಯಂತ್ರದ ಜಾಲರಿಗೆ ಕೂರುವ ನಾರಿನ ಹಾಗೆಯೇ. ಅಲ್ಲಿ ದಿನಕ್ಕೆರಡು ಸಲ ಜಾಲರಿ ತೆಗೆದು ಸ್ವಚ್ಛ ಮಾಡುವವನು ನಾನೇ. ಮನೆಯಲ್ಲಿ ಇದನ್ನು ಇಣುಕಿಯೂ ನೋಡಿರಲಿಲ್ಲ. ಊರಿಗೆಲ್ಲ ಬುದ್ಧಿ, ಮನೆಗೆ ಮಂಕು.

ಬ್ರಷ್ಷು, ಗಾಳಿಯ ಡಬ್ಬಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಇಲ್ಲದಿದ್ದರೆ ಗಿರಗಿರ ತಿರುಗಿ ಹಾಳಾಗುತ್ತದೆ—ಮಗಳ ಆಜ್ಞೆ. ಹಿಡಿದೆ. ಸೀನು ನಿಲ್ಲಲಿಲ್ಲ. ಹಾಸಿಗೆಯಿಂದ ಇವಳು, "ರೀ, ಧೂಳು ಹೋಗ್ತಿದ್ಯಾ, ನೀವು ಹೋಗ್ತಿದೀರಾ?" ಅಂತ ಕೂಗಿದಳು. ಬಹಳ ದಿನಕ್ಕೆ ಒಂದು ಕೀಟಲೆ.

ಡಬ್ಬವನ್ನು ಗೋಡೆಯ ಮೂಲೆಯಿಂದ ಎತ್ತಿ ಮೇಜಿನ ಮೇಲೆ ಇಟ್ಟೆ. ಹಿಂದುಗಡೆ ಬಿಸಿಗಾಳಿ ಹೋಗಲು ಜಾಗ ಬೇಕಲ್ಲ.

ಎಂಬತ್ಮೂರು ಇದ್ದದ್ದು ಎಪ್ಪತ್ತೆಂಟಕ್ಕೆ ಇಳಿದಿದೆ. ಫ್ರೇಮು ಎಂಬತ್ತೊಂದು. ಇನ್ನೂ ಒಂದು ಕಡ್ಡಿಯನ್ನೂ ಮುಟ್ಟಿಲ್ಲ!

ಏಪ್ರಿಲ್ 11

ಪೇಸ್ಟ್ ಬದಲಾಯಿಸಿದೆ. ಕಾರ್ಡಿನ ಚಿಪ್ಪಿಗೂ ಅದರ ಮೇಲೆ ಕೂತು ಬಿಸಿ ಹೀರುವ ಲೋಹದ ತುಂಡಿಗೂ ನಡುವೆ ಹಚ್ಚುವ ಮುಲಾಮು. ಹಳೆಯದು ಒಣಗಿ ಹಕ್ಕಳೆಯಾಗಿತ್ತು. ಸ್ಪಿರಿಟ್ಟಿನಲ್ಲಿ ಒರೆಸಿ, ಕಾಳಿನಷ್ಟು ಹೊಸದಿಟ್ಟು, ಸ್ಕ್ರೂಗಳನ್ನು ಅಡ್ಡಡ್ಡ ಮೂಲೆಯಿಂದ ಸಮನಾಗಿ ಬಿಗಿಸಿದೆ. ಸ್ಕ್ರೂ ಒಂದು ಉರುಳಿಹೋಗಿ ನೆಲಕ್ಕೆ ಮುಖ ಹಚ್ಚಿ ಹುಡುಕಬೇಕಾಯಿತು.

ಆಮೇಲೆ ಫ್ಯಾನು. ಅದು ತಡವಾಗಿ ಏಳುವ ಸೋಮಾರಿ. ಬಿಸಿ ಏರಿದ ಮೇಲೆ ಜೋರಾಗುತ್ತಿತ್ತು. ಮುಂಚೆಯೇ ಜೋರಾಗುವಂತೆ ಮಾಡಿದೆ. ಸದ್ದು ಹೆಚ್ಚು. "ಇರ್ಲಿ ಬಿಡಿ, ನಿಮ್ಮ ಗೊರಕೆಗಿಂತ ವಾಸಿ," ಅಂದಳು.

ಎಪ್ಪತ್ತು ಡಿಗ್ರಿ! ಫ್ರೇಮು ಎಂಬತ್ತನಾಲ್ಕು.

ಇನ್ನಾರು ಬೇಕು. ಇನ್ನು ಉಳಿದಿರುವುದು ವೇಗ ಹೆಚ್ಚಿಸುವ ಆ ದಾರಿಯೊಂದೇ.

ಏಪ್ರಿಲ್ 13, ಭಾನುವಾರ

ಶುರು ಮಾಡಿದೆ. ಪರದೆಯ ಮೇಲೆ ಒಂದು ಕಡ್ಡಿ. ಬಲಕ್ಕೆ ತಳ್ಳಿದರೆ ವೇಗ. ಒಂದು ಸಲಕ್ಕೆ ಹದಿನೈದು ಮೆಗಾಹರ್ಟ್ಸ್. ತಳ್ಳು, ಪರೀಕ್ಷೆಯ ಪ್ರೋಗ್ರಾಂ ಓಡಿಸು, ಕಾಯು, ಬಿಸಿ ನೋಡು. ಮತ್ತೆ ತಳ್ಳು. ಪರೀಕ್ಷೆ ನಡೆಯುವಾಗ ಪರದೆ ಬಿಟ್ಟು ಏಳುವಂತಿಲ್ಲ. ಬಣ್ಣದ ಚುಕ್ಕಿ ಕಂಡರೆ, ಚಿತ್ರ ಹರಿದರೆ, ಹಿಂದೆ ಬರಬೇಕು. ಎಪ್ಪತ್ತೈದು ಡಿಗ್ರಿ ದಾಟಿದರೂ ಹಿಂದೆ ಬರಬೇಕು. ಕಾರ್ಡು ಅದಕ್ಕಿಂತ ಹೆಚ್ಚು ತಡೆಯುತ್ತದೆ, ಗೊತ್ತು. ಈ ಎಪ್ಪತ್ತೈದು ನಾನು ಹಾಕಿಕೊಂಡ ಗೆರೆ. ಎರವಲು ವಸ್ತುವನ್ನು ತುದಿಯವರೆಗೆ ಎಳೆಯಬಾರದು.

ಹಾಲಿನ ಪಾತ್ರೆ ಕಾದಷ್ಟೇ ಶ್ರದ್ಧೆಯಿಂದ ಕೂತೆ. ಮಧ್ಯಾಹ್ನ ಊಟಕ್ಕೆ ಕರೆದರೂ ಏಳಲಿಲ್ಲ. ಇವಳು ಗೋಡೆ ಹಿಡಿದುಕೊಂಡೇ ತಟ್ಟೆ ತಂದಿಟ್ಟಳು. ಬೈದೆ. "ನಾಲ್ಕು ಹೆಜ್ಜೆ ರೀ, ಪರ್ವತ ಏನಲ್ಲ," ಅಂದಳು. ಮುಖ ಮಾತ್ರ ಬಿಳಿಚಿಕೊಂಡಿತ್ತು.

ಏಪ್ರಿಲ್ 16, ಬೆಳಗ್ಗೆ

ನೂರಿಪ್ಪತ್ತು ಮೆಗಾಹರ್ಟ್ಸ್ ಕೂಡಿಸಿದಾಗ ಚುಕ್ಕಿಗಳು ಕಂಡವು. ಹಸಿರು, ನೇರಳೆ—ಯಾರೋ ಪರದೆಗೆ ಬಣ್ಣ ಸಿಡಿಸಿದಂತೆ. ತೊಂಬತ್ತಕ್ಕೆ ಇಳಿಸಿದೆ. ಮಾಯ. ಮೆಮೊರಿಯ ವೇಗವನ್ನೂ ಸ್ವಲ್ಪ ಏರಿಸಿದೆ. ಎಪ್ಪತ್ಮೂರು ಡಿಗ್ರಿ.

ಫ್ರೇಮು: ತೊಂಬತ್ತು!

ಇವಳಿಗೆ ಕನ್ನಡಕ ಹಾಕಿದೆ. ಬಕೆಟ್ ಹಿಡಿದು ನಿಂತೆ. ಎಡಕ್ಕೆ ನೋಡಿದಳು. ಬಲಕ್ಕೆ. ಒಂದು ಹೆಜ್ಜೆ, ಇನ್ನೊಂದು. ಅಂಗಡಿಯ ಆ ಸಾಲನ್ನು ಪೂರ್ತಿ ನಡೆದಳು. ಕನ್ನಡಕ ತೆಗೆದಾಗ ಹಣೆ ಬೆವೆತಿತ್ತು. "ಸೋಪಿನ ಡಬ್ಬಗಳು ನಿಂತಿದ್ವು ರೀ," ಅಂದಳು. "ಇದ್ದ ಜಾಗದಲ್ಲೇ ನಿಂತಿದ್ವು."

ಲಾಂಡ್ರಿಗೆ ತಡವಾಗಿ ಹೋದೆ. ಮಾಲೀಕ ಏನೋ ಅಂದ. ಏನೆಂದು ನೆನಪಿಲ್ಲ.

ಏಪ್ರಿಲ್ 19

ಚೆನ್ನಾಗಿಯೇ ಇದೆ. ಆದರೆ ಆಗಾಗ ಎಂಬತ್ತೆಂಟಕ್ಕೆ ಕುಸಿಯುತ್ತದೆ. ಕಣ್ಣು ಮಿಟುಕಿಸುವಷ್ಟೇ ಹೊತ್ತು. ಅಷ್ಟಕ್ಕೇ ಇವಳ ಕೈ ಮೇಜು ಹುಡುಕುತ್ತದೆ. ಇನ್ನೊಂದು ಹದಿನೈದು ತಳ್ಳಿದರೆ ಸರಿಹೋದೀತು. ನೂರೈದಕ್ಕೆ ಚುಕ್ಕಿ ಬಂದಿರಲಿಲ್ಲವಲ್ಲ.

ತಳ್ಳಿದೆ. ಸ್ವಲ್ಪ ಹೊತ್ತು ಓಡಿಸಿದೆ. ಸರಿಯಾಗಿತ್ತು.

ಏಪ್ರಿಲ್ 20, ಸಂಜೆ

ಸರಿಯಾಗಿರಲಿಲ್ಲ.

ಕತ್ತು ಎಡಕ್ಕೆ ತಿರುಗಿಸುತ್ತಿದ್ದಾಗ ಚಿತ್ರ ಅಲ್ಲೇ ಹೆಪ್ಪುಗಟ್ಟಿತು. ತಲೆ ತಿರುಗಿತು, ಅಂಗಡಿ ತಿರುಗಲಿಲ್ಲ. ಇವಳು ಬುಡ ಕಡಿದ ಮರದಂತೆ ಬಿದ್ದಳು. ನಾನು ಪರದೆಯ ಮೇಲಿನ ಅಂಕಿ ನೋಡುತ್ತಿದ್ದೆ, ಇವಳನ್ನಲ್ಲ. ಮೊಣಕೈ ಮೇಜಿನ ಅಂಚಿಗೆ ಬಡಿದಿದೆ. ಮೂಳೆಗೆ ಏನೂ ಆಗಿಲ್ಲ. ಊದಿಕೊಂಡಿದೆ.

ಕನ್ನಡಕ ಕಿತ್ತು ಮಂಚದ ಮೇಲೆ ಎಸೆದಳು. ಅಳಲಿಲ್ಲ. "ಸಾಕು," ಅಂದಳು.

ಬೆಳಗಿನ ಹೊತ್ತು ತಂಪಿನಲ್ಲಿ ಮಾಡಿದ ಪರೀಕ್ಷೆ. ಅದೂ ಎಷ್ಟು ಹೊತ್ತು? ಒಂದು ಲೋಟ ಚಹಾ ಮುಗಿಯುವಷ್ಟು. ಸಂಜೆಯ ಸೆಕೆಯಲ್ಲಿ ಅದೇ ನಿಲ್ಲುತ್ತದೆಂದು ನಂಬಿದೆ. ಅತಿ ಆಸೆ ಗತಿ ಕೇಡು ಎಂದು ಬಾಯಿಪಾಠ ಇದ್ದರೆ ಸಾಲದು.

ಏಪ್ರಿಲ್ 28

ಎಂಟು ದಿನದಿಂದ ಯಂತ್ರ ಆರಿದೆ. ಕನ್ನಡಕದ ಮೇಲೆ ಟವಲು ಹೊದಿಸಿಟ್ಟಿದ್ದೇನೆ. ವ್ಯಾಯಾಮದ ಮೇಡಂ ಫೋನ್ ಮಾಡಿದರು. ನಿಲ್ಲಿಸಬೇಡಿ ಅಂದರು. ಇವಳು ಫೋನು ನನ್ನ ಕಡೆಗೇ ತಳ್ಳಿದಳು.

ಮಾತೇನೂ ನಿಂತಿಲ್ಲ. ಊಟ ಆಯ್ತಾ, ಬಾಗಿಲು ಹಾಕಿದ್ರಾ… ಅಷ್ಟು. ಶಾಲೆಯ ಹೆಡ್‌ಮೇಡಂಗೆ ಬರೆಯಬೇಕು, ಒಂದು ವರ್ಷ ರಜೆ ಬೇಕು ಅಂತ—ನಿನ್ನೆ ಗೋಡೆ ನೋಡುತ್ತ ಹೇಳಿದಳು. ಇವಳು ಕಲಿಸುವುದು ಗಣಿತ. ಇಡೀ ದಿನ ಬೋರ್ಡಿನಿಂದ ಮಕ್ಕಳ ಕಡೆಗೆ, ಮಕ್ಕಳಿಂದ ಬೋರ್ಡಿನ ಕಡೆಗೆ ತಿರುಗುವುದೇ ಕೆಲಸ. ಇಪ್ಪತ್ತು ವರ್ಷ ಹೀಗೆ ತಿರುಗಿದವಳು.

ನಾನು ಎದ್ದು ಬಾಗಿಲು ಹಾಕಲು ಹೋದೆ.

ಮೇ 1, ರಜೆ

ಚಹಾ ಕುಡಿಯುತ್ತಿದ್ದೆವು. ಇದ್ದಕ್ಕಿದ್ದಂತೆ ಕೇಳಿದಳು, "ನಿಮ್ಮ ಅಂಕಿಗಳೆಲ್ಲಿ?"

"ಯಾವ ಅಂಕಿ?"

"ಒಂದೊಂದು ಸಲ ತಳ್ಳಿದಾಗಲೂ ಬರ್ಕೋತಿದ್ರಲ್ಲ. ಬಿಸಿ ಎಷ್ಟು, ಫ್ರೇಮ್ ಎಷ್ಟು."

ತಂದುಕೊಟ್ಟೆ. ಲಾಂಡ್ರಿ ರಸೀದಿಗಳ ಹಿಂದೆ ಗೀಚಿದ್ದು. ನೋಡಿ ಮೂಗು ಮುರಿದಳು. "ನನ್ನ ಏಳನೇ ಕ್ಲಾಸಿನ ಮಕ್ಕಳು ಇದಕ್ಕಿಂತ ನೀಟಾಗಿ ಬರೀತಾವೆ."

ಬಗ್ಗಿ ಬರೆದರೆ ತಲೆಸುತ್ತು. ಅದಕ್ಕೇ ಗ್ರಾಫ್ ಹಾಳೆಯನ್ನು ಗೋಡೆಗೆ, ಕಣ್ಣಿನ ಎತ್ತರಕ್ಕೆ ಅಂಟಿಸಲು ಹೇಳಿದಳು. ನಾನು ಅಂಕಿ ಓದುವುದು, ಇವಳು ಚುಕ್ಕಿ ಇಡುವುದು. ಒಂದು ಗೆರೆ ಬಿಸಿಗೆ, ಇನ್ನೊಂದು ಫ್ರೇಮಿಗೆ. ನೆಟ್ಟಗೆ ನಿಂತು, ಒಂದು ಕೈ ಗೋಡೆಗೆ ಊರಿ. ಮೊಣಕೈಯ ಕಲೆ ಈಗ ಹಳದಿಗೆ ತಿರುಗಿದೆ.

ಮುಗಿಸಿ ಹಿಂದೆ ಸರಿದು ನೋಡಿದಳು. "ಇಲ್ಲಿ ನೋಡಿ. ಎಪ್ಪತ್ತೈದು ಮೆಗಾಹರ್ಟ್ಸ್ ತನಕ ಎರಡೂ ಒಟ್ಟಿಗೆ ಹತ್ತತಾವೆ. ಅಲ್ಲಿಂದಾಚೆ ಬಿಸಿ ಹತ್ತತ್ತೆ, ಫ್ರೇಮ್ ಮಲಗತ್ತೆ. ಇಷ್ಟೂ ಕಾಣದೇ ಇನ್ನೂ ಮುಂದಕ್ಕೆ ಯಾಕೆ ಹೋದ್ರಿ?"

"ನೀನು ನಡೀತೀಯ ಅನ್ನೋ ಆಸೆ."

ಪೆನ್ನಿನ ಮುಚ್ಚಳ ಹಾಕುತ್ತ, "ಲೆಕ್ಕ ತಪ್ಪಿದ ಮಗೂನ ನಾನು ಕ್ಲಾಸಿಂದ ಆಚೆ ಕಳಿಸಲ್ಲ. ಬೋರ್ಡ್ ಹತ್ರ ಕರೀತೀನಿ. ಬನ್ನಿ, ಯಂತ್ರ ಹಾಕಿ."

ಮೇ 2

ಎಪ್ಪತ್ತೈದು ಮೆಗಾಹರ್ಟ್ಸಿಗೆ ಇಳಿಸಿದ್ದೇನೆ. ಎಪ್ಪತ್ತೊಂದು ಡಿಗ್ರಿ. ಬೆಳಗ್ಗೆ ಓಡಿಸಿದೆ, ಮಧ್ಯಾಹ್ನದ ಧಗೆಯಲ್ಲಿ ಕಿಟಕಿ ಮುಚ್ಚಿ ಓಡಿಸಿದೆ, ಸಂಜೆ ಮತ್ತೆ. ಒಂದು ಚುಕ್ಕಿ ಇಲ್ಲ, ಒಂದು ತಡವರಿಕೆ ಇಲ್ಲ. ಫ್ರೇಮು ಮಾತ್ರ ಎಂಬತ್ತೆಂಟು, ಎಂಬತ್ತೊಂಬತ್ತು. ಕೂದಲೆಳೆಯಷ್ಟು ಕಡಿಮೆ.

ಇವಳು ಕುರ್ಚಿಯಲ್ಲಿ ಕೂತು ಪರದೆಯಲ್ಲೇ ಅಂಗಡಿಯನ್ನು ನೋಡುತ್ತಿದ್ದಳು.

"ರೀ, ಆ ನೆಲ ಯಾಕೆ ಅಷ್ಟು ಫಳಫಳ ಅಂತಿದೆ?"

"ಹೊಸ ಅಂಗಡಿ ಇರ್ಬೇಕು."

"ತಮಾಷೆ ಬೇಡ. ಮೇಲಿನ ದೀಪ ಎಲ್ಲ ನೆಲದಲ್ಲೂ ಕಾಣ್ತಿದೆ. ಅಂದ್ರೆ ಪಾಪ, ಆ ಕಾರ್ಡು ಒಂದೊಂದನ್ನೂ ಎರಡೆರಡು ಸಲ ಬಿಡಿಸ್ತಿದೆ. ನಾನೇನು ಅಲ್ಲಿ ಮುಖ ನೋಡ್ಕೋಬೇಕಾ?"

ಪ್ರೋಗ್ರಾಮಿನ ಆಯ್ಕೆಗಳಲ್ಲಿ ಹುಡುಕಿದೆ. ಇತ್ತು—ನೆಲದ ಪ್ರತಿಬಿಂಬ. ಆಫ್ ಮಾಡಿದೆ.

ತೊಂಬತ್ತು. ಕದಲದ ತೊಂಬತ್ತು! ಬಿಸಿ ಅರವತ್ತೊಂಬತ್ತಕ್ಕೆ ಇಳಿಯಿತು.

ಮಗಳಿಗೆ ಫೋನ್ ಮಾಡಿ ಹೇಳಿದರೆ ಬಿದ್ದು ಬಿದ್ದು ನಕ್ಕಳು. "ಅಪ್ಪಾ, ಅದನ್ನ ಮೊದ್ಲೇ ಆಫ್ ಮಾಡಿರ್ತೀಯ ಅಂದ್ಕೊಂಡಿದ್ದೆ!"

"ನೀನು ಹೇಳ್ಲಿಲ್ವಲ್ಲ."

"ನೀನು ಓದಿದೆ ಅಂದ್ಯಲ್ಲ!"

ಮೇ 9, ಬೆಳಗ್ಗೆ

ದಿನವೂ ಎದ್ದ ಕೂಡಲೇ ಒಂದು ಸುತ್ತು. ಕಿಟಕಿ ತೆರೆದು, ತಂಪಿನಲ್ಲಿ. ನನ್ನ ಕೆಲಸ ಈಗ ಇವಳ ಹಿಂದೆ ನಿಲ್ಲುವುದು. ಅಂಕಿಗಳ ಕಡೆ ನೋಡಲು ಅನುಮತಿ ಇಲ್ಲ. ಎಪ್ಪತ್ತೈದು ದಾಟಿದರೆ ಯಂತ್ರವೇ ಕೂಗುವಂತೆ ಇಟ್ಟಿದ್ದೇನೆ. ಕೂಗಿಲ್ಲ.

ಎರಡು ಸಾಲು ನಡೆದು ವಾಪಸು ಬಂದಳು. ಗೋಡೆ ಹಿಡಿಯದೆ ಅಡುಗೆಮನೆಗೆ ಹೋದಳು. ನಡುವೆ ಒಂದು ಸಲ ಬಾಗಿಲ ಚೌಕಟ್ಟು ಮುಟ್ಟಿದಳು. ಮುಟ್ಟಲೇಬೇಕಿತ್ತು ಅಂತಲ್ಲ, ಇದೆಯೋ ಇಲ್ಲವೋ ನೋಡಿದಂತೆ.

ಮೇ 17

ಮೇಡಂ ಮನೆಗೆ ಬಂದಿದ್ದರು. ಇವಳನ್ನು ಒಂಟಿ ಕಾಲಿನಲ್ಲಿ ನಿಲ್ಲಿಸಿದರು. ಕಣ್ಣು ಮುಚ್ಚಿಸಿದರು. ಬೆರಳು ಆಚೀಚೆ ಆಡಿಸಿದರು. ಇವಳು ಓಲಾಡಿದಳು, ಬೀಳಲಿಲ್ಲ.

"ಮಾಡಿಸ್ತಿರೋರು ಯಾರು?" ಮೇಡಂ ಕೇಳಿದರು.

"ಇವರು ಕಾರ್ಡ್ ನೋಡ್ಕೋತಾರೆ. ನಾನು ಇವರನ್ನ ನೋಡ್ಕೋತೀನಿ," ಅಂದಳು.

ಗೋಡೆಯ ಮೇಲಿನ ಗ್ರಾಫನ್ನು ಮೇಡಂ ಫೋಟೊ ತೆಗೆದುಕೊಂಡರು. ಬೇರೆಯವರಿಗೂ ತೋರಿಸುತ್ತಾರಂತೆ. ಇವಳು ತಡೆದು, ಕೆಳಗಿನ ಗೆರೆಗೆ ಹೆಸರು ಬರೆದು, ಆಮೇಲೆ ಫೋಟೊ ತೆಗೆಸಿದಳು. ಹೆಸರಿಲ್ಲದ ಗೆರೆಗೆ ಅಂಕ ಇಲ್ಲವಂತೆ.

ಮೇ 24

ಧಗೆ. ಕೋಣೆಯೇ ಒಲೆ. ಇವತ್ತು ತಡವಾಗಿ ಎದ್ದು ಶುರು ಮಾಡಿದ್ದಕ್ಕೆ ಯಂತ್ರ ಮೊದಲ ಸಲ ಕೂಗಿತು. ತಕ್ಷಣ ನಿಲ್ಲಿಸಿದೆ. ಹಿಂದಿನ ನಾನಾಗಿದ್ದರೆ ಇನ್ನೈದು ನಿಮಿಷ, ಏನಾಗುತ್ತೆ ಅನ್ನುತ್ತಿದ್ದೆ. ಕಡ್ಡಿಯನ್ನು ಇನ್ನೊಂದು ಮೆಟ್ಟಿಲು ಇಳಿಸಿದೆ. ತೊಂಬತ್ತು ಹಾಗೆಯೇ ಇದೆ. ಇಷ್ಟು ದಿನ ಅಷ್ಟೂ ಬೇಕಾಗಿರಲಿಲ್ಲ ಅಂತಾಯಿತು.

ಹೆಡ್‌ಮೇಡಂಗೆ ಇವಳು ಪತ್ರ ಬರೆಯಲಿಲ್ಲ. ಬೀರು ತೆಗೆದು ಶಾಲೆಗೆ ಉಡುವ ಬಟ್ಟೆಗಳನ್ನೆಲ್ಲ ನನ್ನ ಚೀಲಕ್ಕೆ ತುಂಬಿ, "ಇಸ್ತ್ರಿ ಮಾಡ್ಕೊಂಡು ಬನ್ನಿ," ಅಂದಳು.

ನಾನೇ ಮಾಡಿದೆ. ಲಾಂಡ್ರಿಯಲ್ಲಿ ಬೇರೆಯವರ ಕೈಗೆ ಕೊಡಲಿಲ್ಲ.

ಜೂನ್ 2, ಸಂಜೆ

ಬೆಳಗ್ಗೆ ಗೇಟಿನವರೆಗೆ ಜೊತೆಗೆ ಹೋದೆ. ಶಾಲೆ ಎರಡು ಬೀದಿ ಆಚೆ. ನಡೆದೇ ಹೋದೆವು. ತಿರುವಿನಲ್ಲಿ ಸೈಕಲ್ಲೊಂದು ಸರ್ರನೆ ಬಂತು. ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದಳು, ಬಿಟ್ಟಳು, ನಡೆದಳು. ಗೇಟಿನ ಹತ್ತಿರ, "ಇಲ್ಲಿಂದ ವಾಪಸ್ ಹೋಗಿ. ಮಕ್ಕಳು ನೋಡ್ತಾರೆ," ಅಂದಳು.

ಇಡೀ ದಿನ ಲಾಂಡ್ರಿಯಲ್ಲಿ ಗಮನವಿಲ್ಲದೆ ಒಂದೇ ಅಂಗಿಗೆ ಎರಡೆರಡು ಸಲ ಇಸ್ತ್ರಿ ಹಾಕಿದೆ.

ಬಂದಳು. ಚಪ್ಪಲಿ ಬಿಟ್ಟು, ಕೂತು, ನೀರು ಕುಡಿದಳು.

"ಬೋರ್ಡ್ ಮೇಲೆ ಭಾಗಾಕಾರ ಬರೆದೆ," ಅಂದಳು. "ಆಮೇಲೆ ತಿರುಗಬೇಕಲ್ಲ. ಒಂದು ಕ್ಷಣ ಧೈರ್ಯ ಬರ್ಲಿಲ್ಲ. ಚಾಕ್ ಹಿಡ್ಕೊಂಡು ಹಾಗೇ ನಿಂತಿದ್ದೆ. ಹಿಂದಿನಿಂದ ಯಾರೋ, 'ಮಿಸ್, ಶೇಷ ಎಷ್ಟು?' ಅಂದ್ರು."

"ಆಮೇಲೆ?"

"ತಿರುಗಿದೆ. ಎಲ್ಲಾ ಬೆಂಚೂ ಇದ್ದ ಜಾಗದಲ್ಲೇ ಇತ್ತು." ನೀರಿನ ಲೋಟ ಮಡಿಲಲ್ಲಿ ತಿರುಗಿಸಿದಳು. "ಶೇಷ ಸೊನ್ನೆ ಅಂದೆ."

ಲೋಟ ಇಸಕೊಂಡು ಮತ್ತೆ ನೀರು ತುಂಬಿಸಿ ತಂದೆ.

ಜೂನ್ 8, ಭಾನುವಾರ

ಸಂತೆಗೆ ಹೋಗಿದ್ದೆವು. ನಿಜವಾದ ಅಂಗಡಿ ಸಾಲು, ನಿಜವಾದ ಜನ. ಅರ್ಧ ದಾರಿಗೆ ಇವಳಿಗೆ ಸುಸ್ತು. ಒಂದು ಕಟ್ಟೆಯ ಮೇಲೆ ಕೂತೆವು. ಪೂರ್ತಿ ವಾಸಿಯಾಗಿಲ್ಲ. ಮಳೆ ಮೋಡ ಕವಿದ ದಿನ, ನಿದ್ದೆಗೆಟ್ಟ ದಿನ, ನೆಲ ಇನ್ನೂ ಸ್ವಲ್ಪ ಜಾರುತ್ತದಂತೆ. ಮೇಡಂ ಹೇಳಿದ್ದರು, ಹಾಗೇ ಇರುತ್ತೆ, ಹೆದರಬೇಡಿ ಅಂತ.

ಕೂತಿದ್ದು ಸುಮ್ಮನೆ ಅಲ್ಲ. ಹೋಗಿಬರುವವರನ್ನೆಲ್ಲ ಕತ್ತು ತಿರುಗಿಸಿ ತಿರುಗಿಸಿ ನೋಡಿದಳು. "ವ್ಯಾಯಾಮ ರೀ," ಅಂದಳು. ಯಾರ ಚಪ್ಪಲಿ ಹೇಗಿದೆ, ಯಾರ ಮಗು ಮೂಗು ಸೋರಿಸುತ್ತಿದೆ—ಎಲ್ಲ ವರದಿ. ಇಂಥ ವ್ಯಾಯಾಮ ನನಗೂ ಬೇಕು.

ಜೂನ್ 14

ಮಗಳು ಬಂದಿದ್ದಾಳೆ, ರಜ. ಬ್ಯಾಗು ಇಡುವ ಮುಂಚೆ ಡಬ್ಬದ ಹತ್ತಿರ ಹೋಗಿ ಮೂಸಿದಳು. "ಸುಟ್ಟ ವಾಸನೆ ಇಲ್ಲ. ಶಭಾಷ್." ಆಮೇಲೆ ಅಮ್ಮನ ಹತ್ತಿರ ಹೋಗಿ, ಎರಡೂ ಭುಜ ಹಿಡಿದು ನಿಂತಳು. ನರ್ಸ್ ಆಗುವವಳು ಹೀಗೆಲ್ಲ ಅಳಬಾರದು ಅಂದೆ. ನೀನೂ ಅಳ್ತಿದೀಯಲ್ಲ ಅಂದಳು. ಬೆವರು ಅಂದೆ.

ಕನ್ನಡಕವನ್ನು ಆಸ್ಪತ್ರೆಗೆ ಮರಳಿಸಿದೆವು. ಇನ್ನೊಬ್ಬರು ಕಾಯುತ್ತಿದ್ದಾರಂತೆ. ಕಡ್ಡಿಯನ್ನು ಸೊನ್ನೆಗೆ ತಂದು ನಿಲ್ಲಿಸಿದೆ. ಯಂತ್ರ ಈಗ ಸದ್ದೇ ಇಲ್ಲದೆ ಓಡುತ್ತದೆ. ಮಗಳು ಅದರಲ್ಲಿ ಏನೋ ಹೊಡೆದಾಟದ ಆಟ ಆಡುತ್ತಿದ್ದಾಳೆ. ಪಕ್ಕದಲ್ಲಿ ಕೂತು ಇವಳು, "ಎಡಗಡೆ ಇದಾನೆ, ಎಡಗಡೆ!" ಅಂತ ಕಿರುಚುತ್ತಿದ್ದಾಳೆ.

ಜೂನ್ 21, ಬೆಳಗ್ಗೆ

ಮಗಳು ನಿನ್ನೆ ಹೊರಟಳು. ಮನೆ ಖಾಲಿ ಖಾಲಿ. ಇವತ್ತು ಬಿಸಿಲು ಚೆನ್ನಾಗಿದೆ. ಲಾಂಡ್ರಿಯ ಮಾಲೀಕನ ಕಂಪ್ಯೂಟರೂ ಬಿಸಿಯಾಗುತ್ತದಂತೆ, ಬಂದು ನೋಡು ಅಂದಿದ್ದಾನೆ. ಮೊದಲು ಧೂಳು, ಆಮೇಲೆ ಪೇಸ್ಟ್, ಆಮೇಲೆ ಫ್ಯಾನ್ ಎಂದು ಹೇಳಬೇಕು. ವೇಗದ ಮಾತು ಅವನು ಎತ್ತಿದರೂ ನಾನು ಎತ್ತಬಾರದು. ಫ್ಯಾನಿನದಾದರೆ ಎಷ್ಟು ಡಿಗ್ರಿಗೆ ಎಷ್ಟು ಜೋರು ಇಡಬೇಕೆಂದರೆ, ಐವತ್ತಕ್ಕೆ—

ಯಾರೋ ಕೂಗುತ್ತಿದ್ದಾರೆ. ಇವಳೇ. "ರೀ, ಬಟ್ಟೆಗೆ ಕ್ಲಿಪ್ಪು ಮರೆತೆ, ತಂದ್ಕೊಡಿ!" ದನಿ ಮೇಲಿನಿಂದ ಬರುತ್ತಿದೆ.

ಮಹಡಿಯಿಂದ? ಅಷ್ಟು ಕಡಿದಾದ ಮೆಟ್ಟಿಲು, ಒದ್ದೆ ಬಟ್ಟೆಯ ಬಕೆಟ್ಟೂ ಹಿಡಿದುಕೊಂಡು… ಯಾವಾಗ ಹತ್ತಿದಳು? ನಾನು ಇಲ್ಲೇ ಕೂತಿದ್ದೆ, ಫ್ಯಾನು ಡಿಗ್ರಿ ಅಂತ ಬರೆಯುತ್ತ, ತಲೆ ಎತ್ತಿ ಕೂಡ ನೋಡಿರಲಿಲ್ಲ. ಕ್ಲಿಪ್ಪು ತೆಗೆದುಕೊಂಡು ಮೇಲೆ ಹೋಗುತ್ತೇನೆ.